ಅಡಿಕೆಗೆ ಹಾಕುವ ಪೊಟ್ಯಾಷ್‌ನ ವಿಕಿರಣ ಗೈಗರ್ ಕೌಂಟರ್‌ಗೆ ಸಿಗುತ್ತಾ?

ಪ್ರಶ್ನೆ: ತೀರ್ಥಹಳ್ಳಿ_ರಸಾಯನ
ಪಿಯುಸಿ ಮಕ್ಕಳಿಗೆ ಪೊಟ್ಯಾಷ್ ಗೊಬ್ಬರದ ವಿಕಿರಣ ತೋರಿಸಬೇಕು. ಸ್ಟೀಲ್ ಡಬ್ಬಿ ತುಂಬಿಸಿ ಗೈಗರ್ ಕೌಂಟರ್ (ವಿಕಿರಣ ಎಣಿಸುವ ಉಪಕರಣ) ಪಕ್ಕ ಇಟ್ಟರೆ ನಿಮಿಷಕ್ಕೆ 20ರ ಆಸುಪಾಸು ಬರುತ್ತದೆ, ಖಾಲಿ ಮೇಜಿನಲ್ಲೂ ಅಷ್ಟೇ. ಇನ್ನೊಂದು: ವರ್ಷವರ್ಷವೂ ಹಾಕಿದರೆ ತೋಟದಲ್ಲಿ ವಿಕಿರಣ ಜಮೆಯಾಗುತ್ತಾ ಅಂತ ಮಕ್ಕಳು ಕೇಳ್ತಿದ್ದಾರೆ.

ಉತ್ತರ: ಬೀಜಕೇಂದ್ರ
ಡಬ್ಬಿಯೇ ಅಡ್ಡಿ ಸಾರ್. ಪೊಟ್ಯಾಷ್‌ನಲ್ಲಿ ವಿಕಿರಣ ಸೂಸುವುದು ಪೊಟ್ಯಾಸಿಯಂ-40, ಅಂದರೆ ಕೆ-40. ಅದರ ಬೀಟಾ ಕಣಗಳ (ವೇಗದ ಎಲೆಕ್ಟ್ರಾನ್‌ಗಳು) ಗರಿಷ್ಠ ಶಕ್ತಿ 1.31 ಎಂಇವಿ (ಕಣಗಳ ಶಕ್ತಿಯ ಅಳತೆ), ಬಹುಪಾಲು ಅದಕ್ಕಿಂತ ತೀರಾ ಕಡಿಮೆ. ಸ್ಟೀಲ್ ದಾಟಿ ಬರುವುದು ಕೆಲವೇ. ತೆಳು ಪ್ಲಾಸ್ಟಿಕ್ ಕವರ್‌ನಲ್ಲಿ ಹರಡಿ, ಕೌಂಟರ್‌ನ ಕೊಳವೆಗೆ ತಾಗಿಸಿಡಿ. ಅರ್ಧ ಸೆಂ.ಮೀ. ದಪ್ಪ ಸಾಕು, ಅದಕ್ಕಿಂತ ಆಳದ ಬೀಟಾ ಗೊಬ್ಬರದೊಳಗೇ ನಿಲ್ಲುತ್ತದೆ, ರಾಶಿ ಹಾಕಿದರೆ ಲಾಭವಿಲ್ಲ.

ಒಂದು ನಿಮಿಷದ ಎಣಿಕೆಯನ್ನಂತೂ ನಂಬಲೇಬೇಡಿ. 20 ಬಂದರೆ ಅದರ ವರ್ಗಮೂಲದಷ್ಟು, ಅಂದರೆ ನಾಲ್ಕೈದು, ತಾನಾಗಿಯೇ ಏರಿಳಿಯುತ್ತದೆ. 30 ನಿಮಿಷ ಎಣಿಸಿ: 600ಕ್ಕೆ ಏರಿಳಿತ ಸುಮಾರು 24. ಗೊಬ್ಬರ ಇಟ್ಟಾಗಿನ ಮತ್ತು ಇಡದಾಗಿನ ಎಣಿಕೆಗಳ ವ್ಯತ್ಯಾಸ 100 ದಾಟಿದರೆ ಅದು ಗೊಬ್ಬರದ್ದೇ.

ಹೋಲಿಕೆಗೆ ಖಾಲಿ ಮೇಜಿಗಿಂತ ಅಷ್ಟೇ ತೂಕದ ಅಡುಗೆ ಉಪ್ಪು ಒಳ್ಳೆಯದು. ನಿಸರ್ಗದ ಸೋಡಿಯಂ ಎಲ್ಲವೂ ಸ್ಥಿರವಾದ ಸೋಡಿಯಂ-23. ಬಿಪಿಯವರ ಕಡಿಮೆ ಸೋಡಿಯಂ ಉಪ್ಪು ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ.

ಮಲೆನಾಡಿನಲ್ಲಿ ಮಳೆಯನ್ನೂ ನೋಡಬೇಕು. ಗಾಳಿಯಲ್ಲಿರುವ ವಿಕಿರಣಶೀಲ ಅನಿಲ ರೇಡಾನ್‌ನಿಂದ ಹುಟ್ಟಿದ ಸೀಸ-214, ಬಿಸ್ಮತ್-214 ಹನಿಗಳ ಜೊತೆ ಇಳಿದು ಹಿನ್ನೆಲೆ ಎಣಿಕೆಯನ್ನು (ಗೊಬ್ಬರವಿಲ್ಲದೆಯೂ ಬರುವುದನ್ನು) ಏರಿಸುತ್ತವೆ. ಇವುಗಳ ಅರ್ಧಾಯು (ಅರ್ಧದಷ್ಟು ಕ್ಷಯಿಸುವ ಕಾಲ) 27 ಮತ್ತು 20 ನಿಮಿಷ, ಹಾಗಾಗಿ ಮಳೆ ನಿಂತು ಎರಡು ಮೂರು ಗಂಟೆ ಕಾಯಿರಿ. ತೇವ ಹಿಡಿದ ಕೌಂಟರ್‌ನ ಸರ್ಕ್ಯೂಟ್ ಬೋರ್ಡ್‌ನಲ್ಲಿ ಹೈವೋಲ್ಟೇಜ್ ಸೋರಿಕೆಯಾಗಿ ಸುಳ್ಳು ಎಣಿಕೆಯೂ ಬರಬಹುದು, ಒಣಗಿಸಿಯೇ ಶುರುಮಾಡಿ.

ಉತ್ತರ: ಸಮ_ಬೆಸ
ಮಕ್ಕಳಿಗೆ ಕೆ-40 ಯಾಕೆ ಅಸ್ಥಿರ ಅಂತಲೂ ಹೇಳಿ, ಪಾಠದ ಜೀವಾಳವೇ ಅದು. ಕೆ-40ರಲ್ಲಿ 19 ಪ್ರೋಟಾನ್, 21 ನ್ಯೂಟ್ರಾನ್: ಎರಡೂ ಬೆಸ. ಜೋಡಿಯಿಲ್ಲದೆ ಒಂದೊಂದು ಉಳಿಯುವುದರಿಂದ ಪರಮಾಣು ಬೀಜಕ್ಕೆ (ನ್ಯೂಕ್ಲಿಯಸ್) ಬಿಗಿ ಕಡಿಮೆ. ಅದರ ಎರಡೂ ಪಕ್ಕದ ಕ್ಯಾಲ್ಸಿಯಂ-40 ಮತ್ತು ಆರ್ಗಾನ್-40 ಸಮ-ಸಮ, ಶಕ್ತಿಯಲ್ಲಿ ಕೆಳಗೆ. ಹಾಗಾಗಿ ಎರಡು ದಾರಿ: ಸುಮಾರು 89% ಬೀಟಾ ಬಿಟ್ಟು ಕ್ಯಾಲ್ಸಿಯಂ, 11% ಎಲೆಕ್ಟ್ರಾನ್ ಸೆಳೆದುಕೊಂಡು ಆರ್ಗಾನ್. ನಾವು ಉಸಿರಾಡುವ ಗಾಳಿಯ 0.93% ಆರ್ಗಾನ್ ಬಹುತೇಕ ಹೀಗೇ ಕಲ್ಲುಗಳಿಂದ ಬಂದದ್ದು! ಕೆ-40ರ ಅರ್ಧಾಯು 125 ಕೋಟಿ ವರ್ಷ. ಶಿವಮೊಗ್ಗ ಸುತ್ತಲಿನ ಹಳೆಯ ಬಂಡೆಗಳಿಗೆ 250 ಕೋಟಿ ವರ್ಷ ದಾಟಿದೆ. ಅವುಗಳಲ್ಲಿ ಮೊದಲಿದ್ದ ಕೆ-40ರ ಕಾಲುಭಾಗವೂ ಈಗಿಲ್ಲ.

ಉತ್ತರ: ತೋಟದ_ಲೆಕ್ಕ
ಜಮೆಯ ವಿಷಯ. ಫಸಲಿನ ಅಡಿಕೆ ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ (ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕದಲ್ಲಿ) ಶಿಫಾರಸು, ಅಂದರೆ 60%ರ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್, ಪೊಟ್ಯಾಸಿಯಂ ಕ್ಲೋರೈಡ್ ಗೊಬ್ಬರ) ಸುಮಾರು 233 ಗ್ರಾಂ. ಅದರಲ್ಲಿ ಪೊಟ್ಯಾಸಿಯಂ 116 ಗ್ರಾಂ. ಗ್ರಾಂಗೆ 31 ಬೆಕೆರೆಲ್‌ನಂತೆ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರೆಲ್) 3,600 ಬೆಕೆರೆಲ್. 60 ಕೆಜಿಯ ಮನುಷ್ಯನ ಮೈಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇದೆ.

9 ಅಡಿ ಅಂತರದ ಒಂದು ಮರದ ಪಾಲಿಗೆ ಮೇಲಿನ ಒಂದು ಅಡಿ ಮಣ್ಣು ಎರಡೂವರೆ ಟನ್‌ಗಿಂತ ಹೆಚ್ಚು. ಕೆಜಿಗೆ ಬರೀ 100 ಬೆಕೆರೆಲ್ ಅಂತ ಹಿಡಿದರೂ (ಜಗತ್ತಿನ ಸರಾಸರಿ ಸುಮಾರು 400) ಎರಡೂವರೆ ಲಕ್ಷ ಬೆಕೆರೆಲ್ ಮೊದಲೇ ಅಲ್ಲಿದೆ; ವರ್ಷದ 3,600 ಅದರ ಮುಂದೆ ತೀರಾ ಸಣ್ಣದು. ಹಾಕಿದ್ದರಲ್ಲಿ ಒಂದಷ್ಟು ಕೊಯ್ದ ಅಡಿಕೆ ಗೊನೆಯ ಜೊತೆ ಹೋಗುತ್ತದೆ, ಒಂದಷ್ಟನ್ನು ನಮ್ಮ ಮಳೆ ತೊಳೆಯುತ್ತದೆ. ತೋಟದವರು ಯೋಚಿಸಬೇಕಾದದ್ದು ಈ ತೊಳೆದುಹೋಗುವುದನ್ನು; ಅದಕ್ಕೇ ಒಂದೇ ಸಲ ಸುರಿಯದೆ ಮಳೆಗಾಲದ ಮುಂಚೆ ಮತ್ತು ನಂತರ ಎರಡು ಕಂತಲ್ಲಿ ಕೊಡಿ.