ಹುಲ್ಲುಹಾಸು ತೆಗೆದವರು ಆಮೇಲೆ ಏನು ಮಾಡಿದಿರಿ?

ಕೇಳಿದ್ದು, ಕಾರವಾರದಿಂದ:
ಮನೆ ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಜಾಗ ಇದೆ. ಆಸೆಪಟ್ಟು ಲಾನ್ ಹಾಕಿಸಿದ್ದೆವು. ಆಷಾಢದಲ್ಲಿ ಕೊಳೆಯುತ್ತದೆ, ಏಪ್ರಿಲ್‌ನಲ್ಲಿ ಒಣಗುತ್ತದೆ. ಆಗ ಬಾವಿಯಲ್ಲೂ ನೀರು ಕಮ್ಮಿ. ಇಬ್ಬರು ಮಕ್ಕಳಿದ್ದಾರೆ, ಅತ್ತೆಗೆ ದಿನಾ ದೇವರಿಗೆ ಹೂ ಬೇಕು. ಹುಲ್ಲು ಬಿಟ್ಟು ಏನು ಮಾಡಬಹುದು? ಮಾಡಿ ನೋಡಿದವರು ಹೇಳಿ.

ಕುಮಟಾದಿಂದ:
ನಾನು ಹಾಳು ಮಾಡಿಕೊಂಡಿದ್ದನ್ನೇ ಮೊದಲು ಹೇಳುತ್ತೇನೆ. ಹುಲ್ಲು ಕಿತ್ತು ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಸಿಮೆಂಟ್ ಇಟ್ಟಿಗೆ ಹಾಕಿಸಿದೆ. ಚಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಜೂನ್‌ನಲ್ಲಿ ಒಂದು ರಾತ್ರಿ ಹೊಡೆದ ಮಳೆಗೆ ನೀರು ಇಂಗಲು ಜಾಗವಿಲ್ಲದೆ ಸೀದಾ ಜಗಲಿ ಹತ್ತಿತು. ಬೆಳಿಗ್ಗೆ ನೋಡಿದರೆ ಮಗಳ ಒಂದು ಚಪ್ಪಲಿ ತುಳಸಿಕಟ್ಟೆ ಹತ್ತಿರ ತೇಲುತ್ತಿತ್ತು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಕರಾವಳಿ ನಮ್ಮದು. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ.

ಎಲ್ಲ ಕೀಳಿಸಿ, ಮರುವರ್ಷ ಏನೂ ನೆಡದೆ ಸುಮ್ನೆ ನೋಡಿದೆ. ನೀರು ಎಲ್ಲಿ ನಿಲ್ಲುತ್ತದೋ ಅದರ ಅಂಚಿಗೆ ಹಿಡಿಕಡ್ಡಿ, ಅಂದರೆ ಪೊರಕೆ ಕಡ್ಡಿ, ಚುಚ್ಚುತ್ತಾ ಹೋದೆ. ಗಣಪತಿ ಹಬ್ಬದ ಹೊತ್ತಿಗೆ ಅಂಗಳದ ನಕ್ಷೆ ಕಡ್ಡಿಯಲ್ಲೇ ತಯಾರಾಗಿತ್ತು. ನೀರು ನಿಲ್ಲುವ ತಗ್ಗಿಗೆ ಕೆಸು, ಒಂದೆಲಗ. ಸೂರಿನ ನೀರು ಬೀಳುವ ಗೆರೆಗೆ ಒಂದಡಿ ಅಗಲ ಜಲ್ಲಿ. ಈಗ ಗೋಡೆಗೆ ಕೆಸರು ಸಿಡಿಯುವುದಿಲ್ಲ. ಬಚ್ಚಲ ನೀರಿಗೆ ಬಾಳೆ, ಪಕ್ಕದಲ್ಲೇ ಬಸಳೆ ಚಪ್ಪರ. ಎತ್ತರದ ಮೂಲೆಗೆ ದಾಸವಾಳ, ಅಬ್ಬಲಿಗೆ, ನಂದಿಬಟ್ಟಲು. ಅತ್ತೆಯವರಿಗೆ ಇಷ್ಟು ಸಾಕು.

ದಾರಿಗೆ ಬೇರೆ ಲೆಕ್ಕ ಬೇಡ. ಗೇಟಿನಿಂದ ಬಾವಿಗೆ ಮಕ್ಕಳು ಓಡಿ ಓಡಿ ಸವೆಸಿದ ಗೆರೆ ಇರುತ್ತದಲ್ಲ, ಅದರ ಮೇಲೇ ಚಿರೆಕಲ್ಲು (ಜಂಬಿಟ್ಟಿಗೆ) ಹಾಸಿ. ನಡುವೆ ಎರಡು ಬೆರಳು ಸಂದು ಬಿಡಿ, ಸಿಮೆಂಟ್ ಮಾತ್ರ ತುಂಬಬೇಡಿ. ಒರಟು ಮುಖ ಮೇಲೆ ಇರಲಿ. ನಯವಾದ ಕಲ್ಲಿನ ಮೇಲೆ ಪಾಚಿ ಕಟ್ಟಿ ನಾನೇ ಜಾರಿ ಬಿದ್ದಿದ್ದೇನೆ, ಅದೂ ನೆಂಟರ ಮುಂದೆ.

ಶಿರಸಿಯಿಂದ:
ಘಟ್ಟದ ಮೇಲೆ ನಾವು ಬರಿ ನೆಲ ಬಿಡುವುದೇ ಇಲ್ಲ. ಗಿಡದ ಬುಡಕ್ಕೆಲ್ಲ ದರಕು, ಅಂದರೆ ಉದುರಿದ ಒಣ ಎಲೆ, ಹೊದೆಸುತ್ತೇವೆ, ಬೇಸಿಗೆಯಲ್ಲಿ ನೀರು ಅರ್ಧಕ್ಕರ್ಧ ಉಳಿದ ಹಾಗೆ. ಆದರೆ ಗೋಡೆಯಿಂದ ಮೂರಡಿ ದೂರ ಇರಲಿ, ಒರಲೆ (ಗೆದ್ದಲು) ಬರುತ್ತದೆ. ಹಸಿರು ಹಾಸೇ ಬೇಕು ಅಂದರೆ ಹಳದಿ ಹೂವಿನ ಪಿಂಟೋ ಶೇಂಗಾ ಹಬ್ಬಿಸಿ. ಬಳ್ಳಿ ತುಂಡು ನೆಟ್ಟರೆ ಬೇರು ಬಿಡುತ್ತದೆ, ಕತ್ತರಿಸುವ ಕೆಲಸ ಕಮ್ಮಿ. ಹುರಿದು ತಿನ್ನುವ ಆಸೆ ಬೇಡ! ಅದೇ ಥರ ಹಳದಿ ಹೂ ಬಿಡುವ ವೆಡೆಲಿಯಾವನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ನಮ್ಮ ತೋಟದ ಕಾಲುವೆಯಿಂದ ಅದನ್ನು ಇನ್ನೂ ಕೀಳುತ್ತಿದ್ದೇವೆ.

ಕಾರವಾರದಿಂದಲೇ, ಕಡಲ ಹತ್ತಿರದವರು:
ಉಪ್ಪು ಗಾಳಿಗೆ ನಮ್ಮ ಗುಲಾಬಿ ಒಂದೂ ಉಳಿಯಲಿಲ್ಲ. ನಿತ್ಯಪುಷ್ಪ, ಬೋಗನ್‌ವಿಲ್ಲಾ ಆರಾಮಾಗಿವೆ. ಕಣಗಿಲೆಯೂ ಚೆನ್ನಾಗಿ ಬರುತ್ತದೆ, ಆದರೆ ಇಡೀ ಗಿಡ ವಿಷ. ಮಕ್ಕಳಿರುವ ಮನೆ, ನಾನಾದರೆ ನೆಡುವುದಿಲ್ಲ.

ಕೇಳಿದವರು ಮತ್ತೆ:
ಎಲ್ಲ ಸರಿ, ಆದರೆ ಮಕ್ಕಳು ಆಡುವುದು ಎಲ್ಲಿ?

ಕುಮಟಾದಿಂದ:
ನಡುವೆ 12 ಅಡಿಗೆ 10 ಅಡಿ ಮಣ್ಣಿನ ಅಂಗಳ ಬಿಡಿ. ದೀಪಾವಳಿ ಕಳೆದ ಮೇಲೆ ಮಣ್ಣು ಬಡಿದು ಗಟ್ಟಿ ಮಾಡಿ ಸಗಣಿ ಸಾರಿಸಿದರೆ ಮೇ ತನಕ ಗೋಲಿ, ಕುಂಟಾಬಿಲ್ಲೆ ಎಲ್ಲ ಅಲ್ಲೇ. ಹಪ್ಪಳ ಒಣಗಿಸಲಿಕ್ಕೂ ಆಯಿತು. ಮಳೆಗಾಲದಲ್ಲಿ ಅದರ ಮೇಲೆ ಅಡಿಕೆ ಸೋಗೆ ಹಾಸಿಬಿಡಿ, ಮಣ್ಣು ಕೊಚ್ಚಿ ಹೋಗುವುದಿಲ್ಲ. ಸೋಗೆಯನ್ನು ಮೇ ತಿಂಗಳಲ್ಲೇ ಹೇಳಿಟ್ಟು ತರಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಒಣಗಿದ್ದು ಸಿಗುವುದಿಲ್ಲ.