ಸಹಾಯ ಬೇಕು: ಹಿನ್ನೀರಿನ ಕೊರವ ಮೀನಿಗೆ ಯಾವ ಲೂರ್?

ಎಲ್ಲರಿಗೂ ನಮಸ್ಕಾರ್ರಿ. ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಿನಲ್ಲಿ ಗಾಳ ಹಾಕಿ ಕೊರವ ಹಿಡಿಯುವ ಹುಚ್ಚು ನನಗೆ. ಎರೆಹುಳ ಬಿಟ್ಟು ಈ ವರ್ಷ ಲೂರ್, ಅಂದರೆ ನಕಲಿ ಎರೆ, ಶುರು ಮಾಡಿದ್ದೇನೆ.

ಸಿಗುವ ವಿಡಿಯೋಗಳೆಲ್ಲ ಅಮೆರಿಕದ ಬಾಸ್ ಮೀನಿನವು. ಕೊರವದ ಬುದ್ಧಿಯೂ ಹಾಗೇ ಅಲ್ವಾ? ಕಸದ ಮರೆಯಲ್ಲಿ ಹೊಂಚು ಹಾಕಿ ಒಮ್ಮೆಲೇ ಎರಗುತ್ತದೆ. ಉಸಿರಿಗೆ ಮೇಲೆ ಬಂದಾಗ ನೀರು ಗುಳುಕ್ ಅನ್ನುತ್ತದೆ. ಅದರಾಚೆ ರಬ್ಬರ್ ಕಪ್ಪೆ ಎಸೆದು ನಿಧಾನ ಎಳೆಯುತ್ತೇನೆ.

ಹೋದ ಭಾನುವಾರ ಒಂದು ಕಚ್ಚಿತು. ಗಡಿಬಿಡಿಯಲ್ಲಿ ತಕ್ಷಣ ಜಗ್ಗಿದೆ. ಕಪ್ಪೆ ಹಾರಿ ನನ್ನ ಎದೆಗೇ ಬಡಿಯಿತು! ಎರಡನೆಯದು ಮುಳುಗಿದ ಜಾಲಿಕಂಟಿಯೊಳಗೆ ನುಗ್ಗಿತು. ದಾರ ಪಟ್ ಅಂತು. ಮುನ್ನೂರು ರೂಪಾಯಿ ಕಪ್ಪೆ ಹೋಯಿತು. ಮನೆಯಲ್ಲಿ ಹೇಳಿಲ್ಲ.

ನನ್ನ ಹತ್ತಿರ ಇರುವುದು ಆರೂವರೆ ಅಡಿ ಮೀಡಿಯಂ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 0.30 ಮಿ.ಮೀ. ನೈಲಾನ್ ದಾರ. ಜಾಲಿಕಂಟಿಗೆ ಎಳೆಗಳನ್ನು ಹೆಣೆದ ಬ್ರೇಡ್ ದಾರವೇ ಸರಿ ಅನ್ನಿಸುತ್ತಿದೆ. 30 ಪೌಂಡ್ ಭಾರ ತಡೆಯುವುದು ಸಾಕೋ, 50 ಬೇಕೋ? ರಾಡನ್ನೂ ಹೆವಿಗೆ ಬದಲಿಸಬೇಕಾ?

ಮಳೆಗಾಲದ ಕೆಂಪು ನೀರಿಗೆ ಕಪ್ಪು ಬಣ್ಣದ ಕಪ್ಪೆ, ಇಲ್ಲವೇ ನೀರು ಅದುರಿಸುವ ಸ್ಪಿನ್ನರ್‌ಬೇಟ್ ಅಂದುಕೊಂಡಿದ್ದೇನೆ. ಚಳಿಗಾಲದ ತಿಳಿ ನೀರೇ ತಲೆನೋವು. ಮೀನು ಹಿಂದೆ ಬರುತ್ತದೆ, ನೋಡುತ್ತದೆ, ಸುಮ್ನೆ ತಿರುಗಿ ಹೋಗುತ್ತದೆ. ಆಗ ಏನು ಹಾಕುತ್ತೀರಿ? ಕಚ್ಚಿದ ಮೇಲೆ ಎಷ್ಟು ತಡೆದು ಜಗ್ಗುತ್ತೀರಿ?

ಮರಿಗಳನ್ನು ಕಾಯುವ ಜೋಡಿಗೆ ಎಸೆಯುವ ಉಪಾಯ ಮಾತ್ರ ಬೇಡ, ಅದು ನನಗೆ ಒಗ್ಗುವುದಿಲ್ಲ. ಇಲ್ಲೇ ಕೃಷ್ಣಾ, ಘಟಪ್ರಭಾ ಕಡೆ ಹಿಡಿದವರು ಇದ್ದರೆ ದಯವಿಟ್ಟು ಹೇಳಿ.