ಹಿಮದ ಇಳಿಜಾರಿನಲ್ಲಿ ಕಾಲು ಬ್ರೇಕೋ, ಎಕ್ಸಾಸ್ಟ್ ಬ್ರೇಕೋ? ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಎರಡು ದಿನದ ಹಿಂದೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತಿದು. ಅಕ್ಕನ ಮಗ ಪುಟ್ಟ ಮುಂದಿನ ತಿಂಗಳು ಹಿಮ ಬೀಳುವ ಕಡೆ ಟ್ರೇಲರ್ ಓಡಿಸಲು ಹೊರಟಿದ್ದಾನೆ. ಚಿಕ್ಕಪ್ಪ 26 ವರ್ಷ ಘಾಟಿ ರಸ್ತೆಗಳಲ್ಲಿ ಲಾರಿ ಓಡಿಸಿದವರು. ನಾನು 9 ಚಳಿಗಾಲ ಹಿಮದಲ್ಲಿ 40 ಟನ್ ಗಾಡಿ ಓಡಿಸಿದ್ದೇನೆ. ಇಬ್ಬರಿಗೂ ಪುಟ್ಟನೆಂದರೆ ಪ್ರಾಣ. ಅದಕ್ಕೇ ವಾದ ಜೋರಾಯಿತು. ಬೇರೆ ಡ್ರೈವರುಗಳಿಗೂ ಉಪಯೋಗವಾಗಲಿ ಎಂದು ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಗೊತ್ತಿಲ್ಲದವರಿಗೆ: ಎಕ್ಸಾಸ್ಟ್ ಬ್ರೇಕ್ ಎಂದರೆ ಎಂಜಿನ್ನಿನ ಹೊಗೆ ಹೋಗುವ ದಾರಿಯನ್ನು ತಡೆದು ಗಾಡಿಯ ವೇಗ ತಗ್ಗಿಸುವುದು. ರಿಟಾರ್ಡರ್ ಎಂದರೆ ಕಾಲು ಬ್ರೇಕ್ ಮುಟ್ಟದೆ, ಲಿವರಿನಿಂದ ಹಂತ ಹಂತವಾಗಿ ವೇಗ ತಗ್ಗಿಸುವ ಸಾಧನ.

ಚಿಕ್ಕಪ್ಪ ಫಾರ್ವರ್ಡ್ ಮಾಡಿದ್ದು: ಹಿಮದಲ್ಲಿ ಲಾರಿ ಓಡಿಸುವವರು ತಪ್ಪದೆ ಓದಿ. ಕಾಲು ಬ್ರೇಕ್ ಮುಟ್ಟಲೇಬೇಡಿ, ಎಕ್ಸಾಸ್ಟ್ ಬ್ರೇಕ್ ಮತ್ತು ರಿಟಾರ್ಡರ್ ಮಾತ್ರ ಬಳಸಿ. ಲೋಡ್ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ, ಗಾಡಿ ಬೇಗ ನಿಲ್ಲುತ್ತದೆ. ಡೀಸೆಲ್ ಗಟ್ಟಿಯಾದರೆ ಟ್ಯಾಂಕಿನ ಕೆಳಗೆ ಸಣ್ಣಗೆ ಬೆಂಕಿ ಹಾಕಿ. ಎಲ್ಲ ಡ್ರೈವರುಗಳಿಗೂ ಕಳಿಸಿ.

ಚಿಕ್ಕಪ್ಪ: ಪುಟ್ಟಾ, ಇದನ್ನು ಸೇವ್ ಮಾಡಿಟ್ಟುಕೋ.

ಪುಟ್ಟ: ಆಯ್ತು ತಾತ.

ನಾನು: ಪುಟ್ಟ, ಸೇವ್ ಮಾಡಬೇಡ. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇದರಲ್ಲಿರುವ ಮೂರು ಮಾತೂ ಅಪಾಯ. ಮೊದಲನೆಯದಂತೂ ಜೀವವನ್ನೇ ತೆಗೆಯಬಹುದು.

ಚಿಕ್ಕಪ್ಪ: ಏನು ಅಪಾಯ? ಉದ್ದದ ಇಳಿಜಾರಿನಲ್ಲಿ ಕಾಲು ಬ್ರೇಕನ್ನೇ ನಂಬಿದವನ ಗತಿ ನಾನು ಕಣ್ಣಾರೆ ನೋಡಿದ್ದೇನೆ. ಬ್ರೇಕ್ ಡ್ರಮ್ ಕಾದು ಹೊಗೆ ಬಂದು, ಕೊನೆಗೆ ಪೆಡಲ್ ತುಳಿದರೂ ಗಾಡಿ ನಿಲ್ಲಲಿಲ್ಲ. 26 ವರ್ಷ ಎಕ್ಸಾಸ್ಟ್ ಬ್ರೇಕಿನಲ್ಲೇ ಇಳಿಸಿದ್ದೇನೆ. ಒಂದು ಗೀರೂ ಬಿದ್ದಿಲ್ಲ.

ನಾನು: ಒಣ ರಸ್ತೆಗೆ ನೀವು ಹೇಳುವುದು ನೂರಕ್ಕೆ ನೂರು ನಿಜ. ನನಗೆ ಅದನ್ನು ಕಲಿಸಿದ್ದೂ ನೀವೇ. ಆದರೆ ಎಕ್ಸಾಸ್ಟ್ ಬ್ರೇಕ್ ಆಗಲಿ ರಿಟಾರ್ಡರ್ ಆಗಲಿ ಯಾವ ಚಕ್ರವನ್ನು ಹಿಡಿಯುತ್ತದೆ ಹೇಳಿ. ಎಂಜಿನ್ ತಿರುಗಿಸುವ ಚಕ್ರಗಳನ್ನು ಮಾತ್ರ, ಅಲ್ವಾ? ಮುಂದಿನ ಚಕ್ರಕ್ಕೂ ಟ್ರೇಲರ್ ಚಕ್ರಗಳಿಗೂ ಅದು ಮುಟ್ಟುವುದೇ ಇಲ್ಲ. ಐಸ್ ಮೇಲೆ ಆ ಚಕ್ರಗಳಿರುವ ಒಂದು ಆಕ್ಸಲ್ (ಅಚ್ಚು) ಜಾರಿತು ಅಂದುಕೊಳ್ಳಿ. ಕ್ಯಾಬಿನ್ನಿನ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ಹಿಂದಿನಿಂದ ಟ್ರೇಲರ್ ತಳ್ಳುತ್ತಲೇ ಇರುತ್ತದೆ. ಗಾಡಿ ಮಡಚುವ ಚಾಕುವಿನ ಹಾಗೆ ಮಡಚಿಕೊಳ್ಳುತ್ತದೆ. ಅರ್ಧ ಮಡಚಿತು ಅಂದರೆ ಸ್ಟಿಯರಿಂಗ್ ಎತ್ತ ತಿರುಗಿಸಿದರೂ ವಾಪಸ್ ತರಲಾಗದು.

ಭಾವ: ಈಗಿನ ಗಾಡಿಗಳಲ್ಲಿ ಎಬಿಎಸ್ ಇದೆಯಲ್ಲ. ಚಕ್ರ ಜಾರಿದ್ದು ಗೊತ್ತಾದ ಕೂಡಲೇ ಅದು ರಿಟಾರ್ಡರನ್ನು ತಾನೇ ಬಿಡಿಸುತ್ತದೆ ಎಂದು ಓದಿದ್ದೆ.

ನಾನು: ಹೌದು ಭಾವ, ಬಿಡಿಸುತ್ತದೆ. ಆದರೆ ಜಾರಿದ ಮೇಲೆ ಬಿಡಿಸುತ್ತದೆ. ಆಗ ನೀವು ನಂಬಿಕೊಂಡಿದ್ದ ಬ್ರೇಕೇ ಮಾಯ. ಇಳಿಜಾರಿನಲ್ಲಿ ಗಾಡಿ ವೇಗ ಏರುತ್ತಾ ಹೋಗುತ್ತದೆ. ಎಬಿಎಸ್ ಚಕ್ರ ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ಚಿಕ್ಕಪ್ಪ: ನಿನಗೆ ಹೀಗೆ ಆಗಿದೆಯಾ, ಅಥವಾ ಸುಮ್ನೆ ಹೇಳುತ್ತಿದ್ದೀಯಾ?

ನಾನು: ಆಗಿದೆ ಚಿಕ್ಕಪ್ಪ. ಮನೆಯಲ್ಲಿ ಹೇಳಿರಲಿಲ್ಲ. ನನ್ನ ಮೂರನೇ ಚಳಿಗಾಲ. ಬೆಳಗಿನ ಜಾವ 4 ಗಂಟೆ, ಖಾಲಿ ಟ್ರೇಲರ್. ರಸ್ತೆ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು. ರಿಟಾರ್ಡರ್ ಎರಡನೇ ಹಂತದಲ್ಲಿಟ್ಟು ಇಳಿಯುತ್ತಿದ್ದೆ. ಟೈರಿನಿಂದ ಬರುತ್ತಿದ್ದ ನೀರಿನ ಸದ್ದು ಒಮ್ಮೆಲೇ ನಿಂತುಹೋಯಿತು. ಏನೆಂದು ಯೋಚಿಸುವಷ್ಟರಲ್ಲಿ ಎಡಗಡೆ ಕನ್ನಡಿಯ ತುಂಬ ನನ್ನದೇ ಟ್ರೇಲರ್. ಲಿವರನ್ನು ಪೂರ್ತಿ ಬಿಡಿಸಿದೆ, ಎಲ್ಲ ಪೆಡಲಿನಿಂದ ಕಾಲು ತೆಗೆದೆ, ಸ್ಟಿಯರಿಂಗನ್ನು ರಸ್ತೆ ಹೋಗುವ ದಿಕ್ಕಿಗೆ ಹಿಡಿದೆ. ಚಕ್ರ ಮತ್ತೆ ಉರುಳತೊಡಗಿ ಗಾಡಿ ನೇರವಾಯಿತು. ಎದುರಿಗೆ ಯಾರೂ ಬರಲಿಲ್ಲ, ಬದುಕಿದೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ.

ಅಕ್ಕ: ಅಯ್ಯೋ ದೇವರೇ. ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲೋ.

ಚಿಕ್ಕಪ್ಪ: ಖಾಲಿ ಟ್ರೇಲರ್ ಎಂದು ನೀನೇ ಹೇಳಿದೆ. ಲೋಡ್ ಇದ್ದಿದ್ದರೆ ಹಿಡಿತ ಸಿಗುತ್ತಿತ್ತು. ಅದನ್ನೇ ತಾನೇ ಆ ಮೆಸೇಜಿನಲ್ಲಿ ಬರೆದಿರುವುದು?

ಭಾವ: ಮಾವ, ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಕ್ಲಾಸಿನಲ್ಲಿ ಪಾಠ ಮಾಡಿದ್ದೇ ಇದು. ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟು ನಿಜ. ಆದರೆ ನಿಲ್ಲಿಸಬೇಕಾದ ಭಾರವೂ ಎರಡರಷ್ಟು. ಅಲ್ಲಿಗಲ್ಲಿಗೆ ಸರಿಹೋಯಿತು. ಗಾಡಿ 50 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಒಣ ಡಾಂಬರಿನಲ್ಲಿ ಹಿಡಿತ 0.7, ಅಂದರೆ ಭಾರದ ಹತ್ತರಲ್ಲಿ ಏಳು ಪಾಲಿನಷ್ಟು ಬಲ ಎಂದರೆ ಬ್ರೇಕ್ ಹಾಕಿದ ಮೇಲೆ ಸುಮಾರು 14 ಮೀಟರಿಗೆ ನಿಲ್ಲಬೇಕು. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಹಿಡಿತ 0.2 ಅಂದರೆ ಸುಮಾರು 50 ಮೀಟರ್. ಐಸ್ ಮೇಲೆ 0.1 ಅಂದರೆ ಹತ್ತಿರ ಹತ್ತಿರ 100 ಮೀಟರ್. ಇದು ಸಮತಟ್ಟು ರಸ್ತೆಯ ಲೆಕ್ಕ.

ನಾನು: ಇಳಿಜಾರಿನ ಲೆಕ್ಕವನ್ನೂ ಹೇಳಿ ಭಾವ.

ಭಾವ: 100 ಮೀಟರಿಗೆ 6 ಮೀಟರ್ ಇಳಿಯುವ ರಸ್ತೆಯಾದರೆ ಅದೇ ಐಸ್ ಮೇಲೆ 240 ಮೀಟರ್ ದಾಟುತ್ತದೆ. 100ಕ್ಕೆ 10 ಇಳಿದರೆ ಲೆಕ್ಕವೇ ಇಲ್ಲ. ಎಂಥ ಬ್ರೇಕ್ ಹಾಕಿದರೂ ನಿಲ್ಲದು. ಎಳೆಯುವ ಬಲವೂ ಹಿಡಿಯುವ ಬಲವೂ ಒಂದೇ ಆಗಿಬಿಡುತ್ತದೆ.

ಚಿಕ್ಕಪ್ಪ: ಲೆಕ್ಕ ಸರಿ ಇರಬಹುದು. ಆದರೆ ಕೆಸರಿನ ಏರಿನಲ್ಲಿ ಖಾಲಿ ಗಾಡಿಯ ಚಕ್ರ ಸುಮ್ಮನೆ ಸುತ್ತುತ್ತದೆ, ಲೋಡ್ ಗಾಡಿ ಹತ್ತುತ್ತದೆ. ಇದನ್ನು ನನ್ನ ಕೈಯಿಂದ ಅಲ್ಲ ಎನ್ನಿಸಲಾರಿರಿ.

ನಾನು: ಅಲ್ಲ ಎನ್ನುವುದಿಲ್ಲ. ಏರಿನಲ್ಲಿ ನಿಮ್ಮ ಮಾತು ಸರಿ. ಹತ್ತುವಾಗ ಬೇಕಿರುವುದು ಎಂಜಿನ್ ತಿರುಗಿಸುವ ಚಕ್ರದ ಮೇಲಿನ ಭಾರ. ಹಿಮದ ಕಡೆಯ ಡ್ರೈವರುಗಳು ಅದಕ್ಕೇ ಏರಿನಲ್ಲಿ ಲಿಫ್ಟ್ ಆಕ್ಸಲ್, ಅಂದರೆ ಚಕ್ರ ಸಮೇತ ನೆಲದಿಂದ ಎತ್ತಬಹುದಾದ ಆಕ್ಸಲ್ ಎತ್ತುತ್ತಾರೆ. ಅದರ ಮೇಲಿದ್ದ ಭಾರ ಡ್ರೈವ್ ಆಕ್ಸಲಿಗೆ, ಅಂದರೆ ಎಂಜಿನ್ ತಿರುಗಿಸುವ ಚಕ್ರಗಳ ಆಕ್ಸಲಿಗೆ ಬರುತ್ತದೆ. ಆದರೂ 40 ಟನ್ ಗಾಡಿಯಲ್ಲಿ ಒಂದೇ ಡ್ರೈವ್ ಆಕ್ಸಲ್ ಇದ್ದರೆ ಅದರ ಮೇಲಿರುವುದು ಹೆಚ್ಚೆಂದರೆ 11.5 ಟನ್. ಐಸ್ ಮೇಲೆ ಅದು ಎಳೆಯುವ ಬಲ 1.15 ಟನ್. 100 ಮೀಟರಿಗೆ 3 ಮೀಟರ್ ಏರಲು 40 ಟನ್ನಿಗೆ ಬೇಕಾದ ಬಲ 1.2 ಟನ್. ಕಣ್ಣಿಗೆ ಏರು ಎಂದೇ ಕಾಣದ ರಸ್ತೆ ಅದು. ಅಲ್ಲಿಯೇ ಲಾರಿ ನಿಂತು, ಆಮೇಲೆ ಹಿಂದಕ್ಕೆ ಜಾರುತ್ತದೆ. ಟೈರಿಗೆ ಸುತ್ತುವ ಚೈನ್ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ.

ಪುಟ್ಟ: ಮಾಮ, ಹಾಗಾದರೆ ಇಳಿಯುವಾಗ ನಾನು ಏನು ಮಾಡಬೇಕು? ಕಾಲು ಬ್ರೇಕ್ ಹಾಕಿದರೆ ತಾತ ಹೇಳಿದ ಹಾಗೆ ಡ್ರಮ್ ಕಾಯುವುದಿಲ್ಲವಾ?

ನಾನು: ಒಳ್ಳೆಯ ಪ್ರಶ್ನೆ. ಇಳಿಜಾರು ಶುರುವಾಗುವ ಮುಂಚೆ, ಮೇಲೆಯೇ ವೇಗ ಇಳಿಸು. 60ರಲ್ಲಿ ಇಳಿಯುವ ಬದಲು 20ರಲ್ಲಿ ಇಳಿದರೆ ಪ್ರತಿ ನಿಮಿಷಕ್ಕೆ ಬ್ರೇಕ್ ನುಂಗಬೇಕಾದ ಶಾಖ ಮೂರನೇ ಒಂದಕ್ಕೆ ಇಳಿಯುತ್ತದೆ. ಕೆಳಗಿನ ಗೇರನ್ನೂ ಮೇಲೆಯೇ ಹಾಕಿಕೋ. ನಡುವೆ ಗೇರ್ ಇಳಿಸಿ ಜರ್ಕ್ ಕೊಟ್ಟರೆ ಅದೂ ಡ್ರೈವ್ ಚಕ್ರಕ್ಕೆ ಬ್ರೇಕ್ ಹಾಕಿದ ಹಾಗೆಯೇ. ಆಮೇಲೆ ಕಾಲು ಬ್ರೇಕನ್ನು ಮೆತ್ತಗೆ ಒತ್ತಿ ಬಿಡು. ಅದು ಮುಂದಿನ ಚಕ್ರ, ಡ್ರೈವ್ ಚಕ್ರ, ಟ್ರೇಲರ್ ಚಕ್ರ ಎಲ್ಲಕ್ಕೂ ಹಂಚಿಹೋಗುತ್ತದೆ. ತಿರುವಿಗೆ ಮುಂಚೆ ಒತ್ತು, ತಿರುವಿನೊಳಗೆ ಬೇಡ. ರಸ್ತೆ ಹಿಡಿಯುತ್ತಿದೆ ಎಂದು ಖಾತ್ರಿ ಇದ್ದರೆ ರಿಟಾರ್ಡರ್ ಮೊದಲ ಹಂತ ಸಾಕು. ಸಂಶಯ ಬಂದರೆ ಅದೂ ಬೇಡ.

ಅಕ್ಕ: ರಸ್ತೆಯಲ್ಲಿ ಐಸ್ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲವೇ?

ನಾನು: ಗೊತ್ತಾಗುವುದಿಲ್ಲ ಅಕ್ಕ, ಅದೇ ಕಷ್ಟ. ತೆಳ್ಳಗಿನ ಐಸ್ ಪಾರದರ್ಶಕ, ಕೆಳಗಿನ ಡಾಂಬರೇ ಕಾಣುತ್ತದೆ. ಮುಂದಿನ ಗಾಡಿಯ ಟೈರನ್ನು ನೋಡಬೇಕು. ರಸ್ತೆ ಒದ್ದೆಯಾಗಿ ಕಂಡರೂ ಟೈರಿನಿಂದ ನೀರು ಹಾರುತ್ತಿಲ್ಲ ಅಂದರೆ ಅದು ನೀರಲ್ಲ. ಸೇತುವೆ ಮೇಲೆ ಇನ್ನೂ ಎಚ್ಚರ ಬೇಕು. ಕೆಳಗಿನಿಂದಲೂ ತಣ್ಣನೆ ಗಾಳಿ ಬೀಸುವುದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲೇ ಐಸ್ ಕಟ್ಟುತ್ತದೆ. ಮೈನಸ್ 15 ಎಂದರೆ ಎಲ್ಲರೂ ಹೆದರುತ್ತಾರೆ. ನಾನು ಜಾಸ್ತಿ ಹೆದರುವುದು ಸೊನ್ನೆಯ ಆಸುಪಾಸಿಗೆ. ಆಗ ಐಸ್ ಮೇಲೆ ನೀರಿನ ಪೊರೆ ಇರುತ್ತದೆ, ಹಿಡಿತ 0.1ಕ್ಕಿಂತಲೂ ಕಡಿಮೆ ಆಗುತ್ತದೆ.

ಚಿಕ್ಕಪ್ಪ: ಬೆಂಕಿಯ ಮಾತೂ ತಪ್ಪೆನ್ನುತ್ತೀಯಾ? ಹಳೆಯ ಡ್ರೈವರುಗಳು ಮಾಡುತ್ತಿದ್ದರು.

ನಾನು: ಮಾಡುತ್ತಿದ್ದರು. ಕೆಲವರು ಗಾಡಿಯನ್ನೇ ಸುಟ್ಟುಕೊಂಡರು. ಚಳಿಗೆ ಡೀಸೆಲಿನಲ್ಲಿರುವ ಮೇಣ ಹರಳಾಗಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಟ್ಯಾಂಕ್ ಕಾಯಿಸಿದರೂ ಫಿಲ್ಟರ್ ಕಟ್ಟಿಯೇ ಇರುತ್ತದೆ. ಯುರೋಪಿನ ತುಂಬ ಕಡೆ ಚಳಿಗಾಲಕ್ಕೆ ಮೈನಸ್ 20ರವರೆಗೆ ಫಿಲ್ಟರ್ ದಾಟುವ ಡೀಸೆಲನ್ನೇ ಮಾರುತ್ತಾರೆ. ಬೆಚ್ಚಗಿನ ಕಡೆ ಟ್ಯಾಂಕ್ ತುಂಬಿಸಿಕೊಂಡು ಬಂದವರೇ ಸಿಕ್ಕಿಬೀಳುವುದು. ಪುಟ್ಟ, ಚಳಿ ಪ್ರದೇಶ ಮುಟ್ಟುವ ಹೊತ್ತಿಗೆ ಹಳೆ ಡೀಸೆಲ್ ಕಮ್ಮಿ ಇರಲಿ, ಅಲ್ಲಿಯದನ್ನು ತುಂಬಿಸು.

ಪುಟ್ಟ: ಬರೆದುಕೊಂಡೆ. ಚಳಿಗಾಲದ ಟೈರನ್ನು ನನ್ನ ಕೆಲಸದ ಕಂಪನಿಯವರೇ ಕೊಡುತ್ತಾರಾ?

ನಾನು: ಕೊಡಬೇಕು, ಆದರೆ ನೀನೂ ನೋಡು. ನಾರ್ವೆಯಲ್ಲಿ 3.5 ಟನ್ ಮೇಲಿನ ಗಾಡಿಗೆ ನವೆಂಬರ್ 15ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಗೀರಿನ ಆಳ ಕನಿಷ್ಠ 5 ಮಿಲಿಮೀಟರ್. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಟೈರ್ ಮೇಲೆ ಇಲ್ಲದಿದ್ದರೆ ಅದು ಚಳಿಗಾಲದ ಟೈರ್ ಎಂದು ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯ. ರಾತ್ರಿ ನಿಲ್ಲಿಸುವ ಮುಂಚೆ ಬ್ರೇಕನ್ನು ನಾಲ್ಕೈದು ಸಲ ಮೆತ್ತಗೆ ಒತ್ತಿ ಒಣಗಿಸು. ಡ್ರಮ್ಮನ್ನು ಒಳಗಿನಿಂದ ಒತ್ತುವ ಲೈನರ್ ಒದ್ದೆಯಿದ್ದು ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿಕೊಂಡರೆ ಬೆಳಿಗ್ಗೆ ಚಕ್ರ ತಿರುಗದೆ ಎಳೆದುಕೊಂಡೇ ಬರುತ್ತದೆ.

ಅಕ್ಕ: ಇದೆಲ್ಲ ಇರಲಿ. ರಸ್ತೆ ಕೆಟ್ಟದಾಗಿದೆ, ಆಫೀಸಿನವರು ಹೋಗು ಹೋಗು ಅಂದರೆ ನನ್ನ ಮಗ ಏನು ಮಾಡಬೇಕು?

ನಾನು: ನಿಲ್ಲಿಸಬೇಕು ಅಕ್ಕ. ನನಗೂ ಫೋನಿನಲ್ಲಿ ಬೈದಿದ್ದಾರೆ. ಬೇರೆ ಡ್ರೈವರುಗಳು ಹೋಗುತ್ತಿದ್ದಾರೆ, ನಿನಗೇನು ಕಷ್ಟ ಎಂದು ಕೇಳಿದ್ದಾರೆ. ಒಂದು ಸಲ ನಾಚಿಕೆಯಿಂದ ಹೊರಟೂಬಿಟ್ಟೆ. ಆ ನಾಲ್ಕು ಗಂಟೆಯ ಕಥೆ ಅದೇ ರಾತ್ರಿಯದು. ಅದಾದ ಮೇಲೆ ಎಂದೂ ಹೊರಟಿಲ್ಲ. ಫೋನಿನಲ್ಲಿ ಮಾತಾಡುವವನ ಕಾಲ ಕೆಳಗೆ ಐಸ್ ಇರುವುದಿಲ್ಲ. ಪುಟ್ಟ, ರಸ್ತೆಯ ಫೋಟೊ ತೆಗೆದು ಕಳಿಸು, ಇಲ್ಲಿ ನಿಲ್ಲಿಸಿದ್ದೇನೆ ಎಂದು ಬರೆದು ಹಾಕು, ಮಲಗು. ಎಂಜಿನ್ ಹಾಕಿಕೊಂಡು ಮಲಗುವುದಾದರೆ ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿಲ್ಲವೇ ಎಂದು ಇಳಿದು ನೋಡು. ಹೊಗೆ ಕ್ಯಾಬಿನ್ ಒಳಗೆ ಬಂದರೆ ಅದರಲ್ಲಿರುವ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಗೊತ್ತೇ ಆಗದೆ ಪ್ರಾಣ ತೆಗೆಯಬಹುದು.

ಆಮೇಲೆ ಸುಮಾರು ಒಂದು ಗಂಟೆ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಚಿಕ್ಕಪ್ಪನಿಗೆ ಬೇಜಾರಾಯಿತೇನೋ ಎಂದುಕೊಂಡೆ. ಮತ್ತೆ ನೋಡಿದಾಗ ಅವರ ಫಾರ್ವರ್ಡ್ ಇದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಎಂದಿತ್ತು.

ಚಿಕ್ಕಪ್ಪ: ಅಳಿಸಿದೆ. ನನಗೆ ಕಳಿಸಿದವನಿಗೂ ಫೋನ್ ಮಾಡಿ ಹೇಳಿದೆ. ಆದರೆ ಮೇಲೆಯೇ ಗೇರ್ ಹಾಕಿಕೊಂಡು ಇಳಿ ಎಂದು ನೀನು ಈಗ ಹೇಳಿದ್ದನ್ನು ನಾನು 26 ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ನೆನಪಿರಲಿ.

ನಾನು: ನೆನಪಿದೆ ಚಿಕ್ಕಪ್ಪ. ನಿಮ್ಮ ಪಕ್ಕದ ಸೀಟಿನಲ್ಲಿ ಕೂತು ಕಲಿತದ್ದು.

ಪುಟ್ಟ: ಮಾಮ, ಚೈನ್ ಹಾಕಲು ಎಷ್ಟು ಹೊತ್ತು ಬೇಕು?

ನಾನು: ನನಗೆ ಮೊದಲ ಸಲ ಒಂದು ಗಂಟೆ ಹಿಡಿಯಿತು, ಬೆರಳು ಮರಗಟ್ಟಿತ್ತು. ರೂಢಿಯಾದ ಮೇಲೆ 15 ನಿಮಿಷ. ಏರು ಶುರುವಾಗುವ ಮುಂಚೆ ಸಮತಟ್ಟು ಜಾಗದಲ್ಲೇ ಹಾಕು. ಸ್ವಲ್ಪ ದೂರ ಹೋಗಿ ಇಳಿದು ಮತ್ತೆ ಬಿಗಿ ಮಾಡು. ಚೈನ್ ಇರುವಾಗ 50ರ ಮೇಲೆ ಹೋಗಬೇಡ.

ಚಿಕ್ಕಪ್ಪ: ಪುಟ್ಟಾ, ಅಲ್ಲಿಗೆ ಹೋದ ಮೊದಲ ದಿನವೇ ಗಾಡಿ ನಿಂತಿರುವಾಗ ಹತ್ತು ಸಲ ಹಾಕಿ ತೆಗೆ. ಮೊದಲು ಬರಿಗೈಯಲ್ಲಿ, ಆಮೇಲೆ ಗ್ಲೌಸ್ ಹಾಕಿಕೊಂಡು, ಕೊನೆಗೆ ಕತ್ತಲಲ್ಲಿ. ಮುಗಿಸಿ ನನಗೆ ವಿಡಿಯೊ ಕಾಲ್ ಮಾಡು, ನಾನೂ ನೋಡಬೇಕು.